ತೂಬು ಕಟ್ಟಿದರೆ ಕೋಡಿ ಬೀಳುತ್ತದೆ: ಲಿವರ್‌ನ ರಕ್ತ, ಮಿದುಳಿನ ಸಕ್ಕರೆ

ಬೆಳಗಿನ ಜಾವ ನಾಲ್ಕು ಗಂಟೆ. ದೊಡ್ಡಪ್ಪ ನಡುಮನೆಯಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ, ಕೆಳಗಿನದು ಇನ್ನೆಲ್ಲಿಗೋ. "ಬಸ್ಸು ಹೋಯ್ತಾ?" ಅಂತ ಕೇಳಿದರು. ಅವರು ಹಿಡಿಯಬೇಕಾದ ಬಸ್ಸೇ ಇರಲಿಲ್ಲ. ರಿಟೈರ್ ಆಗಿ ಹನ್ನೊಂದು ವರ್ಷವಾಗಿತ್ತು. ದೊಡ್ಡಮ್ಮ ತಡಮಾಡಲಿಲ್ಲ. "ಶುಗರ್ ಇಳಿದಿದೆ ಕಣೋ, ರಾತ್ರಿ ಎರಡು ತುತ್ತು ತಿಂದು ಎದ್ದುಬಿಟ್ಟರು" ಅಂತ ಅಡುಗೆಮನೆಗೆ ಓಡಿ ಒಂದು ಲೋಟ ಸಕ್ಕರೆ ನೀರು ಕದಡಿ ತಂದರು. ಕುಡಿಸುವ ಮೊದಲು ನಾನು ಬೆರಳು ಚುಚ್ಚಿ ನೋಡಿದೆ. ಗ್ಲುಕೋಮೀಟರ್ 112 ತೋರಿಸಿತು.

ಸಕ್ಕರೆ ಇಳಿದಿರಲಿಲ್ಲ. ಆದರೂ ತಲೆ ಓಡುತ್ತಿರಲಿಲ್ಲ.

ದೊಡ್ಡಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಒಳಗೆಲ್ಲ ಗಾಯದ ಕಲೆಯಂತೆ ಗಟ್ಟಿಯಾಗುವ ಕಾಯಿಲೆ. ಒಂದು ತೊಟ್ಟೂ ಕುಡಿದವರಲ್ಲ. ಹಳೇ ಡಯಾಬಿಟಿಸ್ ಮತ್ತು ಫ್ಯಾಟಿ ಲಿವರ್ ಜೊತೆಗೂಡಿ ಮಾಡಿದ ಕೆಲಸ ಅದು. "ಲಿವರ್ ಕೆಟ್ಟರೆ ಮಿದುಳಿಗೆ ಸಕ್ಕರೆ ಹೋಗುವುದಿಲ್ಲ, ಅದಕ್ಕೇ ಮಂಕಾಗುತ್ತಾರೆ" ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿಕೊಂಡಿದ್ದೆವು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ಬೇರೆಯೇ ಕಥೆ. ಎರಡನ್ನೂ ಹಿಡಿದಿಟ್ಟಿರುವುದು ಒಂದೇ ವಿಷಯ: ಲಿವರ್‌ನೊಳಗೆ ರಕ್ತ ಹೇಗೆ ಹರಿಯುತ್ತದೆ ಅನ್ನುವುದು.

ಒಂದು ಚಮಚದ ಲೆಕ್ಕ

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಫಾಸ್ಟಿಂಗ್ ಶುಗರ್ 90 ಅಂತ ಬಂದರೆ, 100 ಮಿಲಿಲೀಟರ್ ರಕ್ತದಲ್ಲಿ 90 ಮಿಲಿಗ್ರಾಂ ಗ್ಲುಕೋಸ್ ಇದೆ ಅಂತ ಅರ್ಥ. ಗುಣಿಸಿ ನೋಡಿ. ಇಡೀ ಮೈಯ ರಕ್ತದಲ್ಲಿ ಓಡಾಡುತ್ತಿರುವ ಸಕ್ಕರೆ ನಾಲ್ಕೂವರೆ ಗ್ರಾಂ. ಕಾಫಿಗೆ ಹಾಕುವ ಒಂದು ಚಮಚ, ಅಷ್ಟೇ.

ಈಗ ಖರ್ಚಿನ ಕಡೆ ಬನ್ನಿ. ಮಿದುಳಿನ ತೂಕ ಮೈತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ಸುಮ್ನೆ ಕೂತಿರುವಾಗಲೂ ಮೈ ಬಳಸುವ ಆಕ್ಸಿಜನ್‌ನಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು. ಗ್ಲುಕೋಸ್ ದಿನಕ್ಕೆ ಸುಮಾರು 120 ಗ್ರಾಂ. ಗಂಟೆಗೆ 5 ಗ್ರಾಂ ಅನ್ನಿ. ಅಂದರೆ ರಕ್ತದಲ್ಲಿರುವ ಆ ಒಂದು ಚಮಚ ಸಕ್ಕರೆಯನ್ನು ಮಿದುಳೊಂದೇ ಒಂದು ಗಂಟೆಯೊಳಗೆ ಮುಗಿಸಿಬಿಡಬಲ್ಲದು. ನಾವು ರಾತ್ರಿ ಎಂಟು ಗಂಟೆ ನಿದ್ದೆ ಮಾಡುತ್ತೇವೆ, ಅಲ್ವಾ? ಆ ಹೊತ್ತಿನಲ್ಲಿ ಬಾಯಿಗೆ ಏನೂ ಬೀಳುವುದಿಲ್ಲ. ಮಿದುಳಿಗೆ ಹೇಳಿಕೊಳ್ಳುವಂಥ ದಾಸ್ತಾನೂ ಇಲ್ಲ. ಆದರೂ ಬೆಳಿಗ್ಗೆ ಎದ್ದಾಗ ಶುಗರ್ ಹೆಚ್ಚುಕಡಿಮೆ 90ರ ಹತ್ತಿರವೇ ಇರುತ್ತದೆ. ರಾತ್ರಿಯಿಡೀ ಯಾರೋ ಆ ಚಮಚವನ್ನು ತುಂಬಿಸುತ್ತಲೇ ಇದ್ದಾರೆ.

ಆ ಕೆಲಸ ಲಿವರ್‌ದು. ಊಟ ಮಾಡಿದಾಗ ಬಂದ ಗ್ಲುಕೋಸನ್ನು ಅದು ಗ್ಲೈಕೋಜೆನ್ ಅನ್ನುವ ರೂಪದಲ್ಲಿ ಒತ್ತಿ ಕಟ್ಟಿಡುತ್ತದೆ. ಹಿಂದೆ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಹಾಗೆ. ಹೊಟ್ಟೆ ತುಂಬ ಉಂಡಾಗ ಈ ಹಗೇವಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ತೋಳು, ತೊಡೆಯ ಸ್ನಾಯುಗಳಲ್ಲಿ ಇದಕ್ಕಿಂತ ಮೂರು ನಾಲ್ಕು ಪಟ್ಟು ಜಾಸ್ತಿ ಇದೆ. ಆದರೆ ಸ್ನಾಯು ಸ್ವಾರ್ಥಿ. ಕೂಡಿಟ್ಟಿದ್ದನ್ನು ಗ್ಲುಕೋಸ್ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಅದರಲ್ಲಿಲ್ಲ. ತನ್ನ ಸಕ್ಕರೆಯನ್ನು ತಾನೇ ಉರಿಸಿಕೊಳ್ಳುತ್ತದೆ. ಹಗೇವು ಖಾಲಿಯಾಗುತ್ತಾ ಬಂದಂತೆ ಲಿವರ್ ಇನ್ನೊಂದು ಕೆಲಸವನ್ನು ಜೋರು ಮಾಡುತ್ತದೆ. ಸ್ನಾಯು ಬಿಟ್ಟ ಲ್ಯಾಕ್ಟೇಟ್, ಪ್ರೋಟೀನಿನ ಚೂರುಗಳು, ಕೊಬ್ಬಿನಿಂದ ಬಂದ ಗ್ಲಿಸರಾಲ್ ಇವನ್ನೆಲ್ಲ ಸೇರಿಸಿ ಹೊಸದಾಗಿ ಗ್ಲುಕೋಸ್ ತಯಾರಿಸುತ್ತದೆ. ಈ ಕೆಲಸದಲ್ಲಿ ಕಿಡ್ನಿಯೂ ಸ್ವಲ್ಪ ಕೈಜೋಡಿಸುತ್ತದೆ. ಉಪವಾಸ ದಿನಗಟ್ಟಲೆ ಮುಂದುವರಿದರೆ ಲಿವರ್ ಕೊಬ್ಬಿನಿಂದ ಕೀಟೋನ್‌ಗಳನ್ನೂ ಮಾಡಿ ಮಿದುಳಿಗೆ ಕಳಿಸುತ್ತದೆ. ಮಿದುಳು ಅದನ್ನೂ ಉರಿಸಿಕೊಳ್ಳಬಲ್ಲದು. ಅಂದರೆ ಮೊದಲ ದಾರಿಯೂ ಲಿವರ್‌ದೇ, ಬದಲಿ ದಾರಿಯೂ ಲಿವರ್‌ದೇ.

ಇದನ್ನು ಮೊದಲು ಕಂಡುಕೊಂಡವರು ಪ್ಯಾರಿಸ್‌ನ ಕ್ಲಾಡ್ ಬರ್ನಾರ್ಡ್. ಆ ಕಾಲದವರು ಪ್ರಾಣಿಗಳ ಮೈಯಲ್ಲಿ ಸಕ್ಕರೆ ಹುಟ್ಟುವುದೇ ಇಲ್ಲ, ಸಸ್ಯಗಳಿಂದ ಮಾತ್ರ ಬರುತ್ತದೆ ಅಂತ ನಂಬಿದ್ದರು. 1855ರಲ್ಲಿ ಬರ್ನಾರ್ಡ್ ಬರೀ ಮಾಂಸ ತಿಂದ ನಾಯಿಯ ಲಿವರ್ ತೆಗೆದು, ಅದರ ರಕ್ತನಾಳದೊಳಗೆ ತಣ್ಣೀರು ಹಾಯಿಸಿ ತೊಳೆದರು. ಹೊರಬರುವ ನೀರಿನಲ್ಲಿ ಸಕ್ಕರೆಯ ಅಂಶವೇ ಇಲ್ಲ ಅನ್ನುವ ತನಕ ತೊಳೆದರು. ಆಮೇಲೆ ಹಾಗೇ ಇಟ್ಟು ಮರುದಿನ ನೋಡಿದರೆ ಆ ಲಿವರ್‌ನಲ್ಲಿ ಮತ್ತೆ ಸಕ್ಕರೆ! ಹೊರಗಿನಿಂದ ಬರಲು ದಾರಿಯೇ ಇರಲಿಲ್ಲ. ಎರಡು ವರ್ಷದ ನಂತರ, 1857ರಲ್ಲಿ, ಗ್ಲೈಕೋಜೆನನ್ನೇ ಬೇರ್ಪಡಿಸಿ ತೋರಿಸಿದರು. ಪಾತ್ರೆ ತೊಳೆದಂತೆ ಲಿವರ್ ತೊಳೆದು ಇಷ್ಟು ದೊಡ್ಡ ವಿಷಯ ಕಂಡುಹಿಡಿದರಲ್ಲ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಕೆರೆ, ತೂಬು, ಕೋಡಿ

ಬೇರೆ ಬಹುಪಾಲು ಅಂಗಗಳಿಗೆ ರಕ್ತ ಬರುವುದು ಒಂದೇ ಕಡೆಯಿಂದ, ಹೃದಯ ಒತ್ತಿ ಕಳಿಸುವ ಅಪಧಮನಿಯಿಂದ. ಲಿವರ್‌ಗೆ ಎರಡು ಬಾಗಿಲು. ನಾಲ್ಕನೇ ಒಂದು ಭಾಗ ರಕ್ತ ಹೆಪಾಟಿಕ್ ಅಪಧಮನಿಯಿಂದ ಬರುತ್ತದೆ. ಉಳಿದ ಮುಕ್ಕಾಲು ಭಾಗ ಬರುವುದು ಪೋರ್ಟಲ್ ವೇನ್ ಅನ್ನುವ ದಪ್ಪ ನಾಳದಿಂದ. ಈ ನಾಳ ಹೊಟ್ಟೆ, ಕರುಳು, ಗುಲ್ಮ, ಮೇದೋಜೀರಕ ಗ್ರಂಥಿ ಇಷ್ಟನ್ನೂ ಸುತ್ತಿ ಬಂದ ರಕ್ತವನ್ನು ಒಟ್ಟುಗೂಡಿಸಿ ತರುತ್ತದೆ. ಎರಡೂ ಸೇರಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್.

ಪೋರ್ಟಲ್ ರಕ್ತದ ವಿಶೇಷ ಏನೆಂದರೆ ಅದರಲ್ಲಿ ಒತ್ತಡ ತುಂಬಾ ಕಡಿಮೆ. ತೋಳಿನಲ್ಲಿ ಬಿಪಿ 120 ಇದ್ದರೆ ಇಲ್ಲಿ ಹತ್ತರ ಒಳಗೆ. ಇದು ಪಂಪ್ ಸೆಟ್ಟಿನ ನೀರಲ್ಲ, ಕೆರೆಯ ನೀರು. ತೂಬು ಎತ್ತಿದಾಗ ಇಳಿಜಾರಿನಲ್ಲಿ ತಾನಾಗಿ ಹರಿದು ಗದ್ದೆಗೆ ಹೋಗುವ ನೀರು. ಲಿವರ್ ಆ ತೂಬು. ಕರುಳು ಹೀರಿಕೊಂಡ ಸಕ್ಕರೆ, ಮೇದೋಜೀರಕ ಗ್ರಂಥಿ ಬಿಟ್ಟ ಇನ್ಸುಲಿನ್, ಕರುಳಿನ ಬ್ಯಾಕ್ಟೀರಿಯಾ ಹುಟ್ಟಿಸಿದ ಅಮೋನಿಯಾ ಎಲ್ಲವೂ ಮೊದಲು ಈ ತೂಬಿನ ಮೂಲಕವೇ ದಾಟಬೇಕು. ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಸೋಸಿ, ಆಮೇಲೆ ಹೃದಯದ ಕಡೆಗೆ ಬಿಡುವುದು ಲಿವರ್‌ನ ಪದ್ಧತಿ.

ಸಿರೋಸಿಸ್‌ನಲ್ಲಿ ಲಿವರ್ ಒಳಗೆ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ತೂಬಿನಲ್ಲಿ ಹೂಳು ಕಟ್ಟಿದ ಹಾಗೆ. ಹಿಂದಿನ ನೀರು ಏರುತ್ತದೆ. ಇದನ್ನೇ ಡಾಕ್ಟರ್‌ಗಳು ಪೋರ್ಟಲ್ ಹೈಪರ್‌ಟೆನ್ಷನ್ ಅನ್ನುವುದು. ಕೆರೆ ತುಂಬಿ ತೂಬು ಬಿಡದಿದ್ದರೆ ನೀರು ಏನು ಮಾಡುತ್ತದೆ? ಕೋಡಿ ಬೀಳುತ್ತದೆ. ಮೈಯಲ್ಲೂ ಅದೇ ಆಗುತ್ತದೆ. ಅನ್ನನಾಳದ ಕೆಳತುದಿ, ಗುಲ್ಮದ ಸುತ್ತಮುತ್ತ, ಹೊಕ್ಕುಳ ಬಳಿ, ಹೀಗೆ ಅಲ್ಲಲ್ಲಿ ಮಲಗಿದ್ದ ಸಣ್ಣ ಸಣ್ಣ ನಾಳಗಳು ಹಿಗ್ಗಿ ಅಡ್ಡದಾರಿಗಳಾಗುತ್ತವೆ. ಕರುಳಿನ ರಕ್ತ ಲಿವರನ್ನು ಮುಟ್ಟದೆ ಸೀದಾ ಮೈಯ ರಕ್ತಕ್ಕೆ ಸೇರಿಕೊಳ್ಳುತ್ತದೆ. ಅನ್ನನಾಳದ ನಾಳ ಒಡೆದು ರಕ್ತವಾಂತಿ ಆಗುವುದು ಎಲ್ಲರಿಗೂ ಭಯ ಹುಟ್ಟಿಸುತ್ತದೆ. ಸದ್ದಿಲ್ಲದೆ ನಡೆಯುವ ಇನ್ನೊಂದು ಅನಾಹುತ ಸೋಸದ ರಕ್ತ ಮಿದುಳು ತಲುಪುವುದು.

ತಡೆ ಯಾವ ಜಾಗದಲ್ಲಿದೆ ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ. ಪೋರ್ಟಲ್ ವೇನ್‌ನಲ್ಲೇ ರಕ್ತ ಹೆಪ್ಪುಗಟ್ಟಿದೆ ಅಂದುಕೊಳ್ಳಿ. ನಮ್ಮ ದೇಶದಲ್ಲಿ ಮಕ್ಕಳಲ್ಲಿ ಕಾಣುವ ಪೋರ್ಟಲ್ ಒತ್ತಡಕ್ಕೆ ಇದೊಂದು ಮುಖ್ಯ ಕಾರಣ. ಮುಕ್ಕಾಲು ರಕ್ತ ನಿಂತುಹೋದರೆ ಲಿವರ್ ಸಾಯಬೇಕಲ್ಲ? ಸಾಯುವುದಿಲ್ಲ. ಪೋರ್ಟಲ್ ಹರಿವು ಇಳಿದ ಕೂಡಲೇ ಅಪಧಮನಿ ತಾನಾಗಿ ಹಿಗ್ಗಿ ಜಾಸ್ತಿ ರಕ್ತ ತರುತ್ತದೆ. ಲಿವರ್ ಕೋಶಗಳು ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತವೆ. ಹಾಗಾಗಿ ಆ ಮಕ್ಕಳ ಸಕ್ಕರೆ ಸಾಮಾನ್ಯವಾಗಿ ಕುಸಿಯುವುದಿಲ್ಲ. ಲಿವರ್‌ನಿಂದ ಹೊರಹೋಗುವ ನಾಳಗಳೇ ಕಟ್ಟಿಕೊಂಡರೆ ಅದು ಬಡ್-ಕಿಯಾರಿ ಸಿಂಡ್ರೋಮ್. ಗದ್ದೆ ಕಡೆಯ ಕಾಲುವೆ ಮುಚ್ಚಿದ ಹಾಗೆ. ನೀರೆಲ್ಲ ತೂಬಿನೊಳಗೇ ನಿಂತು ಲಿವರ್ ಊದಿಕೊಳ್ಳುತ್ತದೆ. ಹೃದಯ ಸೋತಾಗಲೂ ಹಿಮ್ಮುಖ ಒತ್ತಡ ಹೀಗೇ ಲಿವರ್ ಮೇಲೆ ಬೀಳುತ್ತದೆ.

ಎಲ್ಲಕ್ಕಿಂತ ಬೇಗ ಸಕ್ಕರೆಗೆ ಕೈಹಾಕುವುದು ಶಾಕ್. ವಿದ್ಯುತ್ ಶಾಕ್ ಅಲ್ಲ. ಬಿಪಿ ಪಾತಾಳಕ್ಕಿಳಿದು ಅಂಗಗಳಿಗೆ ರಕ್ತವೇ ತಲುಪದ ಸ್ಥಿತಿ. ಜೋರು ಸೋಂಕು, ಹೃದಯಾಘಾತ, ವಿಪರೀತ ರಕ್ತಸ್ರಾವ, ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಕಾಣುವ ತೀವ್ರ ಡೆಂಗಿ, ಯಾವುದರಿಂದಲೂ ಆಗಬಹುದು. ಲಿವರ್ ಕೋಶಗಳಿಗೆ ಆಕ್ಸಿಜನ್ ಸಿಗುವುದಿಲ್ಲ. ಸಕ್ಕರೆ ತಯಾರಿಸುವುದು ದುಬಾರಿ ಕೆಲಸ. ಇಂಧನ ಇಲ್ಲದೆ ಅದು ನಡೆಯದು. ಒಂದೆರಡು ದಿನದಲ್ಲಿ ರಕ್ತದ ರಿಪೋರ್ಟಿನಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ (ಲಿವರ್ ಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವಗಳು) ಸಾವಿರಗಳಲ್ಲಿ ಬರುತ್ತವೆ. ಲ್ಯಾಕ್ಟೇಟ್ ಏರುತ್ತದೆ, ಏಕೆಂದರೆ ಅದನ್ನು ಸಕ್ಕರೆ ಮಾಡಬೇಕಾದ ಲಿವರೇ ಮಲಗಿದೆ. ಗ್ಲುಕೋಸ್ ಜಾರುತ್ತದೆ. ಐಸಿಯುನಲ್ಲಿ ಇಂಥ ರೋಗಿಯ ಬೆರಳನ್ನು ನರ್ಸ್ ಮತ್ತೆ ಮತ್ತೆ ಚುಚ್ಚುವುದು ನೋಡಿ ಮನೆಯವರು ಬೇಸರ ಪಡುತ್ತಾರೆ. "ಅವರಿಗೆ ಶುಗರ್ ಕಾಯಿಲೆಯೇ ಇಲ್ಲ, ಯಾಕೆ ಸುಮ್ನೆ ಚುಚ್ಚುತ್ತೀರಿ?" ಅಂತ ಜಗಳಕ್ಕೆ ನಿಂತವರನ್ನೂ ನೋಡಿದ್ದೇನೆ. ಆ ಚುಚ್ಚುವಿಕೆ ಡಯಾಬಿಟಿಸ್ ಹುಡುಕುವುದಕ್ಕಲ್ಲ. ಮಿದುಳಿನ ಚಮಚ ಖಾಲಿಯಾಗುತ್ತಿದೆಯೇ ಅಂತ ನೋಡುವುದಕ್ಕೆ. ಪ್ರಜ್ಞೆ ಇಲ್ಲದೆ ಮಲಗಿದವರು "ತಲೆ ಸುತ್ತುತ್ತಿದೆ" ಅಂತ ಹೇಳಲಾರರು.

ನಾಯಿಗಳು ಹೇಳಿದ ಎರಡು ಮಾತು

ಇಲ್ಲಿಯ ತನಕ ನಮ್ಮ ದೊಡ್ಡಮ್ಮನ ವಾದವೇ ಗೆದ್ದ ಹಾಗಿದೆ. ಲಿವರ್ ಸೋತರೆ ಸಕ್ಕರೆ ಇಳಿಯುತ್ತದೆ, ಮಿದುಳು ಮಂಕಾಗುತ್ತದೆ. ಆದರೆ ಹಳೆಯ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ. ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು.

1920ರ ದಶಕದ ಶುರುವಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫ್ರಾಂಕ್ ಮ್ಯಾನ್ ಮತ್ತು ಥಾಮಸ್ ಮೆಗಾತ್ ನಾಯಿಗಳ ಲಿವರನ್ನು ಪೂರ್ತಿ ತೆಗೆದುಹಾಕಿ ಏನಾಗುತ್ತದೆ ಅಂತ ನೋಡಿದರು. ಕೆಲವು ಗಂಟೆ ನಾಯಿ ಆರಾಮಾಗಿಯೇ ಇತ್ತು. ಆಮೇಲೆ ಕಾಲು ಸೋತು, ಮೈ ಅದುರಿ, ಎಚ್ಚರ ತಪ್ಪಿತು. ಆಗ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟರೆ, ಸಾಯುವಂತೆ ಬಿದ್ದಿದ್ದ ನಾಯಿ ಎದ್ದು ನಿಂತು ಬಾಲ ಅಲ್ಲಾಡಿಸುತ್ತಿತ್ತು. ಸಕ್ಕರೆಯ ಮಹಿಮೆ ಇದಕ್ಕಿಂತ ಸ್ಪಷ್ಟವಾಗಿ ಬೇಕೇ? ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ಲುಕೋಸ್ ಕೊಡುತ್ತಾ ಹೋದರೂ ಸ್ವಲ್ಪ ಹೊತ್ತಿನ ಮೇಲೆ ನಾಯಿ ಮತ್ತೆ ಮಂಕಾಗುತ್ತಿತ್ತು. ಈ ಸಲ ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಏಳುತ್ತಿರಲಿಲ್ಲ. ಸಕ್ಕರೆಯ ಆಚೆಗೂ ಏನೋ ಇತ್ತು.

ಆ 'ಏನೋ' ಯಾವುದು ಅನ್ನುವ ಸುಳಿವು ಅದಾಗಲೇ ರಷ್ಯಾದಲ್ಲಿ ಸಿಕ್ಕಿತ್ತು. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಎಕ್, ನಾಯಿಗಳ ಪೋರ್ಟಲ್ ವೇನನ್ನು ಲಿವರ್‌ನಿಂದ ತಪ್ಪಿಸಿ ಸೀದಾ ಮೈಯ ದೊಡ್ಡ ಅಭಿಧಮನಿಗೆ ಜೋಡಿಸಿದರು. ಅಂದರೆ ಕೈಯಾರೆ ಕೋಡಿ ಕೊರೆದರು. 1893ರಲ್ಲಿ ಪಾವ್ಲೋವ್ ಮತ್ತು ಜೊತೆಗಾರರು ಇದೇ ಆಪರೇಷನ್ ಮಾಡಿ ಬದುಕುಳಿದ ನಾಯಿಗಳನ್ನು ಗಮನಿಸುತ್ತಾ ಕೂತರು. ಗಂಟೆ ಬಾರಿಸಿ ನಾಯಿಯ ಜೊಲ್ಲು ಅಳೆದರು ಅಂತ ನಾವು ಶಾಲೆಯಲ್ಲಿ ಓದುತ್ತೇವಲ್ಲ, ಅದೇ ಪಾವ್ಲೋವ್. ಈ ನಾಯಿಗಳು ಮಾಂಸ ತಿಂದ ಮೇಲೆ ಸಿಡುಕುತ್ತಿದ್ದವು, ತೂರಾಡುತ್ತಿದ್ದವು, ಕೊನೆಗೆ ಎಚ್ಚರ ತಪ್ಪುತ್ತಿದ್ದವು. ಇಲ್ಲಿ ಲಿವರ್ ಮೈಯೊಳಗೇ ಇತ್ತು. ಕರುಳಿನ ರಕ್ತ ಮಾತ್ರ ಅದನ್ನು ಹಾಯದೆ ಹೋಗುತ್ತಿತ್ತು.

ಮಾಂಸದ ಪ್ರೋಟೀನು ಕರುಳಿನಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆರೋಗ್ಯವಾಗಿರುವ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದ ದಾರಿಗೆ ಕಳಿಸುತ್ತದೆ. ಕೋಡಿ ಬಿದ್ದ ರಕ್ತದಲ್ಲಿ ಅಮೋನಿಯಾ ಹಾಗೇ ಉಳಿದು ಮಿದುಳಿಗೆ ನುಗ್ಗುತ್ತದೆ. ಅಲ್ಲಿ ಆಸ್ಟ್ರೋಸೈಟ್ ಅನ್ನುವ ನಕ್ಷತ್ರದಂಥ ಕೋಶಗಳಿವೆ. ನರಕೋಶಗಳ ಊಟ, ಉಪಚಾರ, ಕಸ ವಿಲೇವಾರಿ ಎಲ್ಲ ಇವುಗಳ ಜವಾಬ್ದಾರಿ. ಇವು ಅಮೋನಿಯಾವನ್ನು ಗ್ಲುಟಮೀನ್ ಆಗಿ ಬದಲಿಸಿ ತಮ್ಮೊಳಗೆ ತುಂಬಿಕೊಳ್ಳುತ್ತವೆ. ಗ್ಲುಟಮೀನ್ ನೀರನ್ನು ಎಳೆದುಕೊಳ್ಳುತ್ತದೆ. ಕೋಶ ಊದಿಕೊಳ್ಳುತ್ತದೆ. ಜೊತೆಗೆ ಅಮೋನಿಯಾ, ಗ್ಲುಕೋಸ್ ಉರಿದು ಶಕ್ತಿಯಾಗುವ ದಾರಿಯಲ್ಲೇ ಅಡ್ಡಗಾಲು ಹಾಕುತ್ತದೆ. ಇದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಅನ್ನುತ್ತಾರೆ. ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರೆ ಇಂಥವರ ಮಿದುಳಿನ ಕೆಲವು ಭಾಗಗಳು, ಮುಖ್ಯವಾಗಿ ಗಮನ ಹಿಡಿದಿಡುವ ಭಾಗಗಳು, ಗ್ಲುಕೋಸನ್ನು ಕಡಿಮೆ ಬಳಸುತ್ತಿರುವುದು ಕಾಣುತ್ತದೆ.

ಈಗ ದೊಡ್ಡಪ್ಪನ 112 ಅರ್ಥವಾಗುತ್ತದೆ. ಅಂಗಡಿಗೆ ಸಕ್ಕರೆ ಬಂದಿದೆ, ಆದರೆ ಒಲೆ ಸರಿಯಾಗಿ ಉರಿಯುತ್ತಿಲ್ಲ. ಇನ್ನೊಂದು ಲೋಟ ಸಕ್ಕರೆ ನೀರು ಕುಡಿಸಿದರೆ ಒಲೆ ಉರಿಯುವುದಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಯಾವ ಮಷಿನ್ನೂ ತರಿಸಲಿಲ್ಲ. "ಎರಡೂ ಕೈ ಮುಂದೆ ಚಾಚಿ, ಟ್ರಾಫಿಕ್ ಪೊಲೀಸ್ ನಿಲ್ಲಿಸಿ ಅನ್ನುವ ಹಾಗೆ ಹಿಡಿಯಿರಿ" ಅಂದರು. ದೊಡ್ಡಪ್ಪ ಹಿಡಿದರು. ಒಂದೆರಡು ಕ್ಷಣಕ್ಕೆ ಅಂಗೈ ತಟ್ಟನೆ ಕೆಳಗೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಹಕ್ಕಿ ರೆಕ್ಕೆ ಬಡಿದ ಹಾಗೆ. 1949ರಲ್ಲಿ ಆ್ಯಡಮ್ಸ್ ಮತ್ತು ಫೋಲಿ ಅನ್ನುವ ಇಬ್ಬರು ವೈದ್ಯರು ಬಣ್ಣಿಸಿದ ಲಕ್ಷಣ ಇದು. ಆಮೇಲೆ ಒಂದು ಹಾಳೆ ಕೊಟ್ಟು ಐದು ಮೂಲೆಯ ನಕ್ಷತ್ರ ಬರೆಯಲು ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟ ಕೈ ಅದು. ಗೆರೆಗಳು ಒಂದಕ್ಕೊಂದು ಸೇರಲೇ ಇಲ್ಲ. ದೊಡ್ಡಪ್ಪ ಹಾಳೆಯನ್ನು ಹೊರಳಿಸಿ ಇಟ್ಟುಬಿಟ್ಟರು. ನಾಚಿಕೆಯಾಗುವಷ್ಟು ಅರಿವು ಉಳಿದಿತ್ತು.

ರಾತ್ರಿಯ ಹಸಿವು

ಹಾಗಾದರೆ ಸಿರೋಸಿಸ್ ಇರುವವರಿಗೆ ಸಕ್ಕರೆ ಇಳಿಯುವ ಭಯವೇ ಇಲ್ಲವೇ? ಇದೆ, ಆದರೆ ಜನ ಅಂದುಕೊಂಡ ಹಾಗಲ್ಲ. ಲಿವರ್‌ಗೆ ತುಂಬಾ ಮಿಗುತಾಯ ಇದೆ. ಬಹುಪಾಲು ಹಾಳಾಗುವ ತನಕ ಫಾಸ್ಟಿಂಗ್ ಶುಗರನ್ನು ಹೇಗೋ ತೂಗಿಸಿಕೊಂಡು ಹೋಗುತ್ತದೆ. ತಾನಾಗಿಯೇ ಶುಗರ್ ತೀರಾ ಇಳಿಯತೊಡಗಿದರೆ ಅದು ಕೆಟ್ಟ ಸೂಚನೆ. ಲಿವರ್ ಕೈಚೆಲ್ಲುತ್ತಿದೆ, ಇಲ್ಲವೇ ದೊಡ್ಡ ಸೋಂಕು ಒಳಗೆ ಕೂತಿದೆ ಅಂತ ಅರ್ಥ. ಕೆಲವೇ ದಿನಗಳಲ್ಲಿ ಲಿವರ್ ಪೂರ್ತಿ ಸೋಲುವ ಕಾಯಿಲೆಗಳಲ್ಲಿ ಎರಡೂ ಅಪಾಯ ಒಟ್ಟಿಗೇ ಬರುತ್ತವೆ. ಸಕ್ಕರೆಯೂ ಇಳಿಯುತ್ತದೆ, ಅಮೋನಿಯಾವೂ ಏರಿ ಮಿದುಳು ಊದುತ್ತದೆ.

ಸಿರೋಸಿಸ್‌ನಲ್ಲಿ ದಿನನಿತ್ಯದ ತೊಂದರೆ ಬೇರೆ. ಹಗೇವು ಚಿಕ್ಕದಾಗಿದೆ. ನಾವು ನೀವು ರಾತ್ರಿ ಊಟ ಮಾಡಿ ಮಲಗಿದರೆ ಬೆಳಗಿನವರೆಗೆ ಗ್ಲೈಕೋಜೆನ್ ಸಾಲುತ್ತದೆ. ಸಿರೋಸಿಸ್ ಇದ್ದವರಿಗೆ ಅರ್ಧ ರಾತ್ರಿಗೇ ತಳ ಕಾಣುತ್ತದೆ. ಒಂದು ರಾತ್ರಿಯ ನಿದ್ದೆ ಅವರ ಮೈಗೆ, ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಇದ್ದಷ್ಟಕ್ಕೆ ಸಮ ಅಂತ 1980ರ ದಶಕದಲ್ಲೇ ಅಳೆದು ನೋಡಿದ್ದಾರೆ. ಆದರೂ ಮಿದುಳಿಗೆ ಗಂಟೆಗೆ 5 ಗ್ರಾಂ ಕೊಡಲೇಬೇಕಲ್ಲ? ಮೈ ಸ್ನಾಯುವನ್ನು ಕರಗಿಸಿ ಸಕ್ಕರೆ ಮಾಡುತ್ತದೆ. ಹಾಗಾಗಿಯೇ ಗ್ಲುಕೋಮೀಟರ್ ಸರಿಯಾದ ಅಂಕಿ ತೋರಿಸುತ್ತಿರುವಾಗಲೇ ತೋಳು ಕಡ್ಡಿಯಾಗುತ್ತಾ ಬರುತ್ತದೆ, ಹೊಟ್ಟೆ ಮಾತ್ರ ನೀರು ತುಂಬಿ ಮುಂದೆ ಬರುತ್ತದೆ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ. ಲಿವರ್ ಬಿಟ್ಟರೆ ರಕ್ತದ ಅಮೋನಿಯಾವನ್ನು ಹಿಡಿದು ಕಟ್ಟಿಹಾಕುವುದರಲ್ಲಿ ಸ್ನಾಯುವಿನದೂ ದೊಡ್ಡ ಪಾಲು. ಸ್ನಾಯು ಕರಗಿದರೆ ಆ ಕಾವಲೂ ಹೋಯಿತು. ಕರಗುವಾಗ ಅದೇ ಪ್ರೋಟೀನಿನಿಂದ ಇನ್ನಷ್ಟು ಅಮೋನಿಯಾ ಬರುತ್ತದೆ. ರಾತ್ರಿ ಸಕ್ಕರೆಯ ಕೊರತೆ ತುಂಬಿಸಲು ಹೋಗಿ ಮೈ ಬೆಳಿಗ್ಗೆಯ ಮಂಕಿಗೆ ತಾನೇ ದಾರಿ ಮಾಡಿಕೊಡುತ್ತದೆ. ನಾನು ಮೊದಲು ಹೇಳಿದ ಎರಡು ಅರ್ಧ ಕಥೆಗಳು ಕೂಡಿಕೊಳ್ಳುವುದು ಇಲ್ಲೇ. ದೊಡ್ಡಮ್ಮ "ಸರಿಯಾಗಿ ಊಟ ಮಾಡಲಿಲ್ಲ" ಅಂದಿದ್ದು ತಪ್ಪಲ್ಲ. "ಶುಗರ್ ಇಳಿದಿದೆ" ಅಂದಿದ್ದು ಮಾತ್ರ ತಪ್ಪು.

ಇದಕ್ಕೆ ಮದ್ದು ಅಚ್ಚರಿಯಾಗುವಷ್ಟು ಸಾದಾ. ಮಲಗುವ ಮುಂಚೆ ಏನಾದರೂ ತಿನ್ನಬೇಕು. ಹಣ್ಣಿನ ಒಂದು ಹೋಳಲ್ಲ, ಸುಮಾರು 50 ಗ್ರಾಂ ಪಿಷ್ಟ ಇರುವಷ್ಟು. ಒಂದು ದೊಡ್ಡ ಲೋಟ ರಾಗಿ ಗಂಜಿ ಮತ್ತು ಬಾಳೆಹಣ್ಣು, ಅಥವಾ ಎರಡು ಮೂರು ಚಪಾತಿ. ಬೆಳಿಗ್ಗೆ ಎದ್ದ ಮೇಲೂ ಬೇಗ ತಿಂಡಿ ತಿನ್ನಬೇಕು. ಪ್ರೋಟೀನ್ ಬಿಡಿಸುವುದು ಹಳೇ ಪದ್ಧತಿ. ಪಾವ್ಲೋವ್‌ನ ನಾಯಿಗಳನ್ನು ನೋಡಿ ಹೆದರಿದ ಕಾಲದ್ದು. ಈಗಿನ ಮಾರ್ಗಸೂಚಿಗಳು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತವೆ. ಬೇಳೆ, ಹಾಲು, ಮೊಸರು, ಕಾಳು ಒಳ್ಳೆಯವು. ಆದರೂ "ಲಿವರ್ ಪೇಷಂಟು, ಬರೀ ಗಂಜಿ ಕೊಡಿ" ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ನಮ್ಮ ಮನೆಗೂ ಬಂದು ಹೇಳಿಹೋದವರಿದ್ದಾರೆ. ಏಕಾದಶಿ, ಸಂಕಷ್ಟಿ ಅಂತ ನಿಟ್ಟುಪವಾಸ ಮಾಡುವುದಂತೂ ಇವರಿಗೆ ಸಲ್ಲದು. ದೊಡ್ಡಪ್ಪ ನಲವತ್ತು ವರ್ಷದಿಂದ ಬಿಡದ ಸಂಕಷ್ಟಿಯನ್ನು ಬಿಡಿಸಲು ಮನೆಯ ಪುರೋಹಿತರಿಂದಲೇ ಹೇಳಿಸಬೇಕಾಯಿತು.

ಊಟದ ನಂತರದ ಏರಿಳಿತ

ಕೋಡಿಯ ಇನ್ನೊಂದು ಆಟ ಹೇಳಿಬಿಡುತ್ತೇನೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೂಡ ಪೋರ್ಟಲ್ ವೇನ್‌ಗೇ ಬಂದು ಬೀಳುತ್ತದೆ ಅಂದೆನಲ್ಲ. ಮೊದಲ ಸಲ ಹಾದುಹೋಗುವಾಗಲೇ ಲಿವರ್ ಅದರಲ್ಲಿ ಸುಮಾರು ಅರ್ಧದಷ್ಟನ್ನು ಬಳಸಿ ಮುಗಿಸುತ್ತದೆ. ಅಡ್ಡದಾರಿ ಇದ್ದರೆ ಆ ಇನ್ಸುಲಿನ್ ಪೂರ್ತಿ ಮೈಗೆ ಹರಿಯುತ್ತದೆ. ಊಟದ ಸಕ್ಕರೆಯೂ ಲಿವರ್‌ಗೆ ಸಿಗದೆ ಹರಿಯುತ್ತದೆ. ಹಾಗಾಗಿ ಊಟವಾದ ಕೂಡಲೇ ಶುಗರ್ ಜಾಸ್ತಿ, ಹಗೇವಿನಲ್ಲಿ ದಾಸ್ತಾನು ಕಡಿಮೆ, ರಕ್ತದಲ್ಲಿ ಇನ್ಸುಲಿನ್ ಹೆಚ್ಚು. ಹುಟ್ಟಿನಿಂದಲೇ ಇಂಥ ಅಡ್ಡನಾಳ ಇರುವ ಕೆಲವು ಮಕ್ಕಳಲ್ಲಿ ಊಟವಾಗಿ ಎರಡು ಮೂರು ಗಂಟೆಗೆ ಸಕ್ಕರೆ ಕುಸಿಯುವುದು ಇದೇ ಕಾರಣಕ್ಕೆ. ದೊಡ್ಡವರಲ್ಲಿ ಮಾತ್ರ ಮೈ ಇನ್ಸುಲಿನ್‌ಗೆ ಮೊಂಡುಬಿದ್ದು, ಕುಸಿತಕ್ಕಿಂತ ಡಯಾಬಿಟಿಸ್ಸೇ ಹೆಚ್ಚಾಗಿ ಕಾಣುತ್ತದೆ.

ಆಗ ಶುಗರ್ ಮಾತ್ರೆ ಶುರುವಾಗುತ್ತದೆ. ಅಪಾಯ ಇಲ್ಲಿಂದ ನುಸುಳುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಕೆಟ್ಟ ಲಿವರ್ ಇರುವವರಲ್ಲಿ ಮೈಯಿಂದ ಬೇಗ ಹೊರಹೋಗುವುದಿಲ್ಲ. ರಾತ್ರಿ ಊಟ ಕಡಿಮೆಯಾದರೆ ಸಕ್ಕರೆ ನಿಜವಾಗಿಯೂ ಪಾತಾಳಕ್ಕೆ ಇಳಿಯುತ್ತದೆ. ಪೋರ್ಟಲ್ ಒತ್ತಡ ಇಳಿಸಲು ಕೊಡುವ ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಮಾತ್ರೆಗಳು ಎದೆಬಡಿತ, ಕೈನಡುಕದಂಥ ಎಚ್ಚರಿಕೆಗಳನ್ನು ಅಡಗಿಸಿಬಿಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ತಣ್ಣನೆ ಬೆವರು ಕಂಡರೆ ಮೊದಲು ಬೆರಳು ಚುಚ್ಚಿ. ಮೂರು ತಿಂಗಳ ಸರಾಸರಿ ಅಂತ ನಾವು ನಂಬುವ ಎಚ್‌ಬಿಎ1ಸಿ ಕೂಡ ಇವರಲ್ಲಿ ಸುಳ್ಳು ಹೇಳುತ್ತದೆ. ದಪ್ಪಗಾದ ಗುಲ್ಮ ಕೆಂಪು ರಕ್ತಕಣಗಳನ್ನು ಅವಧಿಗೆ ಮುಂಚೆಯೇ ಒಡೆದುಹಾಕುವುದರಿಂದ, ಅವಕ್ಕೆ ಸಕ್ಕರೆ ಅಂಟಿಕೊಳ್ಳಲು ಹೊತ್ತು ಸಾಲದೆ, ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ.

ಕುಡಿತದ ವಿಷಯವೂ ಇಲ್ಲೇ ಬರುತ್ತದೆ. ಮದ್ಯವನ್ನು ಕರಗಿಸುವ ಗಡಿಬಿಡಿಯಲ್ಲಿ ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಹಗೇವಿನಲ್ಲಿ ಗ್ಲೈಕೋಜೆನ್ ಇದ್ದರೆ ಹೇಗೋ ನಡೆಯುತ್ತದೆ. ಎರಡು ದಿನ ಊಟ ಬಿಟ್ಟು ಬರೀ ಕುಡಿದವರಲ್ಲಿ ಅದೂ ಇರುವುದಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಬಿದ್ದಿರುವವರನ್ನು ಕಂಡು "ಕುಡಿದು ಮಲಗಿದ್ದಾನೆ ಬಿಡಿ" ಅಂತ ದಾಟಿಹೋಗುತ್ತೇವೆ. ಕೆಲವೊಮ್ಮೆ ಅದು ನಿದ್ದೆಯಲ್ಲ, ಸಕ್ಕರೆ ಇಲ್ಲದ ಮಿದುಳು.

ಮನೆಯಲ್ಲಿ ಏನು ನೋಡಬೇಕು

ಲಿವರ್ ಕಾಯಿಲೆ ಇರುವವರು ತಬ್ಬಿಬ್ಬಾದರೆ ಮೊದಲ ಕೆಲಸ ಊಹೆಯಲ್ಲ, ಗ್ಲುಕೋಮೀಟರ್. 70ರ ಕೆಳಗಿದ್ದು ನುಂಗುವಷ್ಟು ಎಚ್ಚರ ಇದ್ದರೆ ಸಕ್ಕರೆ ನೀರು ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಆಸ್ಪತ್ರೆಗೆ ಹೊರಡಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಂಕಿ ಸರಿಯಾಗಿದ್ದರೆ ಸಮಾಧಾನ ಪಟ್ಟುಕೊಂಡು ಮಲಗಿಸುವುದೂ ತಪ್ಪು. ಅಮೋನಿಯಾ ಏರಲು ಏನೋ ಒಂದು ಕಾರಣ ಇರುತ್ತದೆ. ಎರಡು ದಿನದಿಂದ ಮೋಷನ್ ಆಗಿಲ್ಲವೇ? ಮಲ ಟಾರಿನಂತೆ ಕಪ್ಪಾಗಿದೆಯೇ? ಅದು ಒಳಗೆ ರಕ್ತ ಸೋರುತ್ತಿರುವ ಗುರುತು, ಆ ರಕ್ತವೂ ಪ್ರೋಟೀನೇ. ಜ್ವರ ಇದೆಯೇ? ನಿದ್ದೆ ಮಾತ್ರೆ ತಗೊಂಡಿದ್ದಾರೆಯೇ? ನೀರು ಇಳಿಸುವ ಮಾತ್ರೆ ಜಾಸ್ತಿಯಾಗಿ ಒಣಗಿದ್ದಾರೆಯೇ? ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳು ಇವೇ.

ದೊಡ್ಡಪ್ಪನ ವಿಷಯದಲ್ಲಿ ಕಾರಣ ಮಲಬದ್ಧತೆ. ಲ್ಯಾಕ್ಟುಲೋಸ್ ಸಿರಪ್ ಸಿಹಿ ಜಾಸ್ತಿ, ವಾಕರಿಕೆ ಬರುತ್ತದೆ ಅಂತ ನಾಲ್ಕು ದಿನದಿಂದ ಸದ್ದಿಲ್ಲದೆ ಬಿಟ್ಟಿದ್ದರು. ಆ ಸಿರಪ್ಪು ಬರೀ ಭೇದಿಗೆ ಅಂತ ಅಂದುಕೊಂಡಿದ್ದರಂತೆ. ಅದು ಕರುಳಿನಲ್ಲಿ ಹುಳಿ ಹುಟ್ಟಿಸಿ ಅಮೋನಿಯಾ ರಕ್ತಕ್ಕೆ ಸೇರದ ಹಾಗೆ ಹಿಡಿದಿಡುತ್ತದೆ, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಿಸಿ ಹೊರಗೆ ಕಳಿಸುತ್ತದೆ ಅಂತ ಯಾರೂ ಕೂರಿಸಿ ಹೇಳಿರಲಿಲ್ಲ. ಎರಡು ದಿನದಲ್ಲಿ ಗುಂಡಿಗಳು ಸರಿಯಾದ ಕಾಜಕ್ಕೆ ಬಂದವು.

ಆಮೇಲೆ ದೊಡ್ಡಮ್ಮ ಒಂದು ಹಳೇ ಹಾಲಿನ ಲೆಕ್ಕದ ಪುಸ್ತಕ ಹುಡುಕಿದರು. ದಿನಾ ರಾತ್ರಿ ಹತ್ತಕ್ಕೆ ರಾಗಿ ಗಂಜಿ ಕೊಟ್ಟು, ಅದು ಮುಗಿದ ಮೇಲೆ ದೊಡ್ಡಪ್ಪನಿಂದ ಅದರಲ್ಲಿ ಒಂದು ಸಹಿ ಹಾಕಿಸುತ್ತಾರೆ, ಪಕ್ಕದಲ್ಲಿ ಒಂದು ನಕ್ಷತ್ರ ಬರೆಸುತ್ತಾರೆ. "ಬ್ಯಾಂಕಿನವರೂ ಇಷ್ಟು ಸಹಿ ಕೇಳಲ್ಲ ಕಣೇ" ಅಂತ ಅವರು ಗೊಣಗುತ್ತಾರೆ. ಹೋದ ಸಲ ಊರಿಗೆ ಹೋದಾಗ ಪುಟ ತಿರುವಿ ನೋಡಿದೆ. ಸಾಲಾಗಿ ನಕ್ಷತ್ರಗಳು, ಐದೂ ಮೂಲೆ ಚೂಪಾಗಿವೆ. ಒಂದು ಮಂಗಳವಾರದ್ದು ಮಾತ್ರ ಒಂದು ಕಡೆ ಬಾಯಿಬಿಟ್ಟುಕೊಂಡಿತ್ತು. ಅದರ ಕೆಳಗೆ ದೊಡ್ಡಮ್ಮನ ಗುಂಡು ಅಕ್ಷರ: "ಇವತ್ತು ಮೋಷನ್ ಒಂದೇ ಸಲ. ಸಿರಪ್ ಇನ್ನೊಂದು ಚಮಚ ಹೆಚ್ಚಿಗೆ, ಡಾಕ್ಟರಿಗೆ ಫೋನ್ ಮಾಡಿದೆ." ಬುಧವಾರದ ನಕ್ಷತ್ರ ಮುಚ್ಚಿಕೊಂಡಿತ್ತು.